ಮೂರು ಸೆಂಟಿಮೀಟರ್ ಕಡಿಮೆಯಿದ್ದ ಅಳತೆಪಟ್ಟಿ

ಮಾನ್ಯ ಪರೀಕ್ಷಾ ಮುಖ್ಯಾಧಿಕಾರಿಗಳೇ,

ಸುಳ್ಳು ಬರೆದ ನನಗೆ ಪೂರ್ತಿ ಅಂಕ ಕೊಟ್ಟು, ನಿಜ ಬರೆದ ನನ್ನ ಅಕ್ಕನನ್ನು ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲು ಮಾಡಿದ್ದೀರಿ. ಮರುಪರಿಶೀಲನೆಗೆ ಅವಳು ಕೊಟ್ಟ ಅರ್ಜಿ ‘ಅವಕಾಶವಿಲ್ಲ’ ಎಂಬ ಮೊಹರು ಹೊತ್ತು ಹಿಂದಿರುಗಿದೆ. ಮುಂದಿನ ತರಗತಿಯ ಪ್ರವೇಶ ಸೋಮವಾರಕ್ಕೆ ಮುಗಿಯುತ್ತದೆ. ಆದ್ದರಿಂದ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಅಮ್ಮನ ಆರೈಕೆಗೆಂದು ಎರಡು ವರ್ಷ ಓದು ಬಿಟ್ಟಿದ್ದ ಅಕ್ಕ ಈಗ ನನ್ನದೇ ತರಗತಿ. ಪರೀಕ್ಷೆಯಲ್ಲಿ ಇಬ್ಬರಿಗೂ ಬಂದದ್ದು ಒಂದೇ ಪ್ರಯೋಗ: ದಾರಕ್ಕೆ ಕಟ್ಟಿದ ಲೋಹದ ಗುಂಡನ್ನು ತೂಗಲು ಬಿಟ್ಟು, ಉದ್ದವನ್ನೂ ತೂಗಾಟದ ಕಾಲವನ್ನೂ ಅಳೆದು, ಭೂಮಿಯ ಸೆಳೆತದ ಬೆಲೆ ಕಂಡುಹಿಡಿಯುವುದು. ಉತ್ತರ 9.8 ಎಂದು ಪುಸ್ತಕದಲ್ಲೇ ಇದೆ. ನಮ್ಮ ಪ್ರಯೋಗಾಲಯದ ಪದ್ಧತಿ ತಮಗೆ ಹೊಸದೇನಲ್ಲ. ಮೊದಲು ಕೊನೆಯ ಸಾಲಿನಲ್ಲಿ 9.8 ಬರೆಯುವುದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ, ಗಡಿಯಾರ ಏನು ತೋರಿಸಬೇಕಿತ್ತೋ ಅದನ್ನು ತುಂಬುವುದು. ಗುಂಡು ಅಲುಗಾಡಲೇಬೇಕೆಂಬ ಕಡ್ಡಾಯವೂ ಇಲ್ಲ. ನಾನು ಹಾಗೇ ಮಾಡಿದೆ. ಅಕ್ಕ ಅಳೆದಳು. ಅವಳಿಗೆ 10.1 ಬಂತು.

“ತಿದ್ದಿಬಿಡಕ್ಕ, ಇನ್ನೂ ಹತ್ತು ನಿಮಿಷ ಇದೆ,” ಎಂದು ಪಿಸುಗುಟ್ಟಿದೆ.

“ಏನಂತ ತಿದ್ದಲಿ? ಮೂರು ಸಲ ನೋಡಿದೀನಿ. ನಿನ್ನ ಗುಂಡು ಇನ್ನೂ ದಾರಾನೇ ಕಂಡಿಲ್ಲ, ನನಗೆ ಬುದ್ಧಿ ಹೇಳ್ತೀಯಾ?”

ಪರೀಕ್ಷಕರು ಬಂದು ಅವಳ ಪುಟ ನೋಡಿದರು. “ಏನಮ್ಮಾ, ನಿನ್ನ ಮೇಜಿನ ಹತ್ರ ಮಾತ್ರ ಭೂಮಿ ಜಾಸ್ತಿ ಎಳೆಯುತ್ತಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಟದ ಮೇಲೆ ಕೆಂಪು ಗೆರೆ ಬಿತ್ತು. ಏಕೆ 10.1 ಬಂತು ಎಂದು ಒಬ್ಬರಾದರೂ ಕೇಳಬೇಕಿತ್ತಲ್ಲವೇ?

ಕೇಳಿದ್ದು ಅವಳೇ. ಫಲಿತಾಂಶದ ಮರುದಿನ ಅಟೆಂಡರನ್ನು ಕಾಡಿ ಬೇಡಿ ಪ್ರಯೋಗಾಲಯದ ಬಾಗಿಲು ತೆಗೆಸಿದಳು. ಪರೀಕ್ಷೆಯಲ್ಲಿ ಒಂದೇ ಉದ್ದಕ್ಕೆ ಸಮಯವಿತ್ತು. ಈಗ ಐದು ಉದ್ದಗಳಿಗೆ ಅಳೆದು, ಉದ್ದದ ಎದುರು ಕಾಲದ ವರ್ಗವನ್ನು ಗುರುತಿಸಿ ಗೆರೆ ಎಳೆದಳು. ಸೊನ್ನೆಗೆ ಬಂದು ಸೇರಬೇಕಿದ್ದ ಗೆರೆ ಮೂರು ಸೆಂಟಿಮೀಟರಿನಲ್ಲೇ ನಿಂತಿತು. ಅದರ ಓರೆಯಿಂದ ಲೆಕ್ಕ ಹಾಕಿದರೆ ಬೆಲೆ 9.8. ಪಟ್ಟಿಯನ್ನು ಎತ್ತಿ ಹಿಡಿದು ಅಟೆಂಡರನ್ನು ಕೇಳಿದಳು: “ಅಣ್ಣಾ, ಈ ಅಳತೆಪಟ್ಟಿಗೆ ಏನಾಗಿದೆ?”

“ಸೊನ್ನೆ ಕಡೆ ತುದಿ ಮುರಿದಿತ್ತಮ್ಮ. ಮೂರು ಸೆಂಟಿಮೀಟರ್ ಕೊಯ್ದು ಹಿತ್ತಾಳೆ ತಗಡು ಹೊಡೆದೆ. ಹನ್ನೊಂದು ವರ್ಷ ಆಯ್ತು. ಯಾರೂ ಕೇಳೇ ಇಲ್ವಲ್ಲ.”

ಹನ್ನೊಂದು ವರ್ಷ, ಮಾನ್ಯರೇ. ಮೂರರಿಂದ ಶುರುವಾಗುವ ಆ ಪಟ್ಟಿ ಪ್ರತಿ ಉದ್ದವನ್ನೂ ಮೂರು ಸೆಂಟಿಮೀಟರ್ ಹೆಚ್ಚಾಗಿಯೇ ತೋರಿಸುತ್ತಿತ್ತು. ಆ ಮೇಜಿನ ಹಳೆಯ ಪ್ರಯೋಗ ಪುಸ್ತಕಗಳು ಕಪಾಟಿನಲ್ಲೇ ಇವೆ, ತೆರೆದು ನೋಡಿದೆ. ಎಲ್ಲರಿಗೂ 9.8 ಬಂದಿದೆ, ಎಲ್ಲರೂ ಪಾಸಾಗಿದ್ದಾರೆ. ಕುಂಟು ಪಟ್ಟಿಯಿಂದ ಸರಿಯುತ್ತರ ತೆಗೆಯುವ ಈ ಪವಾಡಕ್ಕೆ ತಾವು ಶಿಕ್ಷಣವೆಂದು ಹೆಸರಿಟ್ಟಿದ್ದೀರಾ? ವಿಜ್ಞಾನವೆಂದರೆ ಪ್ರಶ್ನಿಸುವ ಧೈರ್ಯ ಎಂಬ ಕರಪತ್ರವನ್ನು ಓದಿ ಕೋಣೆಯ ಗೋಡೆಗೆ ಅಂಟಿಸಿಕೊಂಡವನು ನಾನು. ಅಕ್ಕ ಅದನ್ನು ಓದಿಯೂ ಇಲ್ಲ.

ದಯೆ ಬೇಡ. ಸೋಮವಾರದೊಳಗೆ ಅದೇ ಪಟ್ಟಿ, ಅದೇ ಗುಂಡು, ಅವಳ ಆ ಗೆರೆ, ಈ ಮೂರನ್ನೂ ಮೇಜಿನ ಮೇಲಿಟ್ಟು, ಪರೀಕ್ಷೆಯ ಅದೇ ಒಂದು ಉದ್ದಕ್ಕೆ ಪರೀಕ್ಷಕರೇ ಎಲ್ಲರೆದುರು ಅಳೆಯಲಿ. 10.1 ಬಂದರೆ ಅವಳನ್ನು ತೇರ್ಗಡೆ ಮಾಡಿ. 9.8 ಬಂದರೆ ಆ ಪರೀಕ್ಷಕರನ್ನು ನನ್ನ ಪಕ್ಕದಲ್ಲಿ ಕೂರಿಸಿ, ಇಬ್ಬರಿಗೂ ಮರುಪರೀಕ್ಷೆ ಇಡಿ. ಏನೇ ಬಂದರೂ ನನ್ನ ಅಂಕಗಳನ್ನು ರದ್ದು ಮಾಡಿ. ನನಗೆ ಅಳೆಯಲು ಕಲಿಸುತ್ತೇನೆಂದು ಅಕ್ಕ ಒಪ್ಪಿದ್ದಾಳೆ.

ಇಂತಿ,
ಗುಂಡನ್ನು ದಾರಕ್ಕೆ ಕಟ್ಟದೆಯೇ ಪಾಸಾದ ತಮ್ಮ