ಕಂಬಗಳು ಊರು ದಾಟಿದ ಬೇಸಿಗೆ

ಕಡೇಕೊಪ್ಪ, ಬೆಳ್ನೆಲ
ಕಡಲೇರಿದ ಇನ್ನೂರ ಹನ್ನೊಂದನೇ ವರ್ಷ, ಮೊದಲ ಬಿಸಿಲಿನ ತಿಂಗಳು, ಮೂವತ್ತೊಂಬತ್ತನೇ ತಾರೀಕು

ನನ್ನ ಮುತ್ತಜ್ಜ ಮುತ್ತಜ್ಜಿಯರಿಗಿಂತ ಹಿರಿಯರಾದ ನಿಮಗೆ ನಿಂಬೆವ್ವ ಮಾಡುವ ಶರಣು.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಸೂರ್ಯ ಹುಟ್ಟಿದರೆ ಬೇಗ ಮುಳುಗುವುದಿಲ್ಲ, ಮುಳುಗಿದರೆ ಬೇಗ ಹುಟ್ಟುವುದಿಲ್ಲ. ಹಾಗಾಗಿ ತಿಂಗಳನ್ನು ಬೇಕಾದಷ್ಟು ಎಳೆದುಕೊಂಡಿದ್ದೇವೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಕಂಡೀತು, ಕ್ಷಮಿಸಿ. ಇಷ್ಟು ದೂರ ಬಂದ ಭಾಷೆ ದಾರಿಯಲ್ಲಿ ಏನೋ ಬಿಟ್ಟಿದೆ, ಏನೋ ಕಟ್ಟಿಕೊಂಡಿದೆ. ಈ ಪತ್ರ ನಿಮ್ಮನ್ನು ತಲುಪುವುದು ಹಿಂಗಿಂಡಿಯಿಂದ. ಕಾಲದ ಹಿಂಬದಿಗೆ ಕಾಗದ ತೂರಿಸುವ ಸಂದು ಅದು. ಹೇಗೆಂದು ಕೇಳಬೇಡಿ, ನನಗೂ ತಿಳಿಯದು. ಮುದುಕರಾದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಸಲ ಅದನ್ನು ಬಳಸುವ ಹಕ್ಕಿದೆ. ಹೆಚ್ಚಿನವರು ಹಿಂದಿನವರಿಗೆ ಬುದ್ಧಿ ಹೇಳಲು ಹೋಗಿ ಆ ಹಕ್ಕನ್ನು ಹಾಳುಮಾಡಿಕೊಳ್ಳುತ್ತಾರೆ. ನನಗೆ ಆ ಚಟವಿಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕು, ಅಷ್ಟೆ. ಆದರೆ ಮೊದಲು ಕಥೆ ಹೇಳಬೇಕು.

ಬೆಳ್ನೆಲ ಎಂದರೆ ನಿಮ್ಮ ನಕ್ಷೆಯ ತಳದಲ್ಲಿ ಬಿಳಿ ಬಳಿದು ಕೈಬಿಟ್ಟಿರುವ ಜಾಗ. ಕಡಲು ಏರಿ ಊರುಗಳು ಇಕ್ಕಟ್ಟಾದಾಗ ಮೇಲ್ನಾಡು ನಮ್ಮ ಹಿರಿಯರನ್ನು ಇಲ್ಲಿಗೆ ಸಾಗಹಾಕಿತು. ಮೇಲ್ನಾಡು ಎಂದರೆ ನೀವಿರುವ, ಸಮುದ್ರದಾಚೆಯ ಹಳೆಯ ದೇಶ. ನಕ್ಷೆಯಲ್ಲಿ ಮೇಲಿದೆ ಎಂದು ಆ ಹೆಸರು. ಬಂದವರು ಕರಿಮಣ್ಣಿನ ರೈತರು. ಗಾಜಿನ ಸೂರಿನ ಕೆಳಗೆ ಜೋಳ ಬೆಳೆದರು, ಕಡಲಪಾಚಿಯನ್ನು ಒಣಗಿಸಿ ಕುಟ್ಟಿ ಚಟ್ನಿಪುಡಿ ಮಾಡಿದರು. ಇಂದಿಗೂ ಚಳಿಗಾಲದ ಕತ್ತಲಲ್ಲಿ ಓಣಿಯಲ್ಲಿ ನಡೆದರೆ ಪ್ರತಿ ಮನೆಯಿಂದಲೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ನಮ್ಮ ಊರು ಒಂದು ಕಲ್ಲುದಿಣ್ಣೆಯ ಮೇಲಿದೆ. ಪಕ್ಕದಲ್ಲೇ ಹಿಮದ ಹೊಳೆ. ಅದರ ಮೇಲ್ದಂಡೆಯಲ್ಲಿ ತುಯಾ ಎಂಬ ಬೇರೆ ದೇಶದ ಜನ ಇರುತ್ತಾರೆ.

ನಮ್ಮವರು ಬಂದವರೇ ಗಡಿ ಗುರುತಿಸಿದರು. ಹೊಲಕ್ಕೆ ಬಾಂದುಗಲ್ಲು ನೆಡುವ ಹಾಗೆ ಹಿಮದ ಹೊಳೆಗೆ ಅಡ್ಡಲಾಗಿ ಮನೆಗೊಂದು ತೇಗದ ಕಂಬ ನೆಟ್ಟು, ಅದರ ಮೇಲೆ ಮನೆತನದ ಹೆಸರು ಕೆತ್ತಿದರು. ಕಂಬಗಳಿಂದ ಮೇಲಕ್ಕೆ ತುಯಾ, ನಮ್ಮ ಊರಿರುವ ಕೆಳಬದಿಗೆ ಮೇಲ್ನಾಡು. ಕಂಬಗಳು ನಿಂತ ಸಾಲೇ ಗಡಿ ಎಂದು ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಹಿಮ ಹರಿಯುತ್ತದೆ ಎಂಬುದು ನಮ್ಮವರಿಗೆ ಗೊತ್ತಿರಲಿಲ್ಲ. ಪಾಪ, ಕರಿಮಣ್ಣು ಎಂದಾದರೂ ಎದ್ದು ನಡೆದದ್ದುಂಟೇ? ಮರುವರ್ಷ ನೋಡಿದರೆ ಕಂಬಗಳೆಲ್ಲ ಸಾಲು ಕೆಡದೆ ಊರಿನ ಹತ್ತಿರಕ್ಕೆ ಬಂದು ನಿಂತಿದ್ದವು.

ಅಂದಿನಿಂದ ಶುರುವಾಯಿತು ಕಂಬಹೊರೆ. ಚಳಿಗಾಲ ಕಳೆದು ಮೊದಲ ಬಿಸಿಲು ಬಿದ್ದ ದಿನ ಊರಿಗೆ ಊರೇ ಹಿಮಕ್ಕೆ ಇಳಿದು, ಕಂಬಗಳನ್ನು ಕಿತ್ತು, ಹೆಗಲ ಮೇಲೆ ಹೊತ್ತು, ಸಂಜೆಯವರೆಗೆ ಏರಿ, ಹಳೆಯ ಜಾಗದಲ್ಲಿ ನೆಟ್ಟು ಬರುತ್ತಿತ್ತು. ತುಯಾ ಜನ ಬಿಸಿ ಸಾರು ಹಿಡಿದುಕೊಂಡು ಬಂದು ನಗುತ್ತಾ ನೋಡುತ್ತಿದ್ದರು. ಅವರಲ್ಲಿ ಇಲ್ಮಾ ಎಂಬ ಸೂಲಗಿತ್ತಿ ಇದ್ದಳು. ನನ್ನ ಎರಡೂ ಹೆರಿಗೆಗೆ ಕತ್ತಲಲ್ಲಿ ಹಿಮ ದಾಟಿ ಬಂದವಳು ಅವಳೇ. ನಮ್ಮ ಮಾತನ್ನು ಮುರಿದು ಮುರಿದು ಆಡುತ್ತಾ, "ನೀವು ಹೊಳೆ ವಾಪಸ್ ಹೊರುವ ಜನ," ಎಂದು ಛೇಡಿಸುತ್ತಿದ್ದಳು. ನಮಗೆ ಸಿಟ್ಟು ಬರುತ್ತಿತ್ತು. ಬಾಂದು ಕಾಯುವುದು ನಗುವ ವಿಷಯವೇ?

ಮೊದಲ ಕಂಬ ನಮ್ಮ ಮನೆಯದು. ನನ್ನ ಮಾವ ದ್ಯಾಮಪ್ಪ ಅದನ್ನು ಎತ್ತುವವರೆಗೆ ಬೇರೆ ಯಾರೂ ತಮ್ಮ ಕಂಬ ಮುಟ್ಟುವಂತಿರಲಿಲ್ಲ. ಅವರ ಅಪ್ಪ ನೆಟ್ಟು, 'ಬೆಣ್ಣಿಯವರ ಮನಿ' ಎಂದು ಕೆತ್ತಿದ್ದ ಕಂಬ ಅದು. ನನ್ನ ಮಗ ಸಂಗ ಅಕ್ಷರ ಕಲಿತದ್ದೂ ಅದರ ಮೇಲೆಯೇ. ಅಜ್ಜ ಅವನ ಬೆರಳು ಹಿಡಿದು ಕೆತ್ತಿದ ಗೆರೆಗಳಲ್ಲಿ ಓಡಿಸುತ್ತಿದ್ದರು.

ಸಂಗನ ವಿಷಯ ಬಂತು, ಹೇಳಿಬಿಡುತ್ತೇನೆ. ಬೆಳ್ನೆಲದಲ್ಲಿ ಹುಟ್ಟಿದ ಮಗು ಹತ್ತು ತುಂಬಿದ ವರ್ಷ ಹಡಗು ಹತ್ತಿ ಮೇಲ್ನಾಡಿಗೆ ಹೋಗಬೇಕು ಎಂಬುದು ನನ್ನ ಮದುವೆಯಾದ ಮೇಲೆ ಅವರು ತಂದ ಕಾನೂನು. ಓದಿಸುತ್ತೇವೆ ಎನ್ನುತ್ತಿದ್ದರು. ಓದು ಮುಗಿಸಿ ಮರಳಿ ಬಂದವರನ್ನು ನಾವು ಒಬ್ಬರನ್ನೂ ಕಾಣಲಿಲ್ಲ. ಸಂಗ ಹಡಗು ಹತ್ತುವಾಗ ಅಳಲಿಲ್ಲ. ನಾನು ಅತ್ತರೆ ಅವನಿಗೆ ನಾಚಿಕೆಯಾದೀತೆಂದು ನಾನೂ ಅಳಲಿಲ್ಲ. ಆಮೇಲೆ ಮನೆಗೆ ಬಂದು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತು ಅತ್ತೆ. ಕೆಲವೇ ವರ್ಷಗಳಲ್ಲಿ ಅವನ ತಂಗಿ ಫಕೀರವ್ವನಿಗೂ ಹತ್ತು ತುಂಬಿತು. ಆ ಬೇಸಿಗೆಯ ಕೊನೆಗೆ ಹಡಗು ಬರುವುದಿತ್ತು.

ಆ ವರ್ಷದ ಮೊದಲ ಬಿಸಿಲಿಗೆ ನಾವು ಎಂದಿನಂತೆ ಹಿಮಕ್ಕೆ ಇಳಿದೆವು. ಮಾವ ಕಂಬದ ಮುಂದೆ ನಿಂತರು. ಹೆಸರಿನ ಮೇಲೆ ಕೂತಿದ್ದ ಹಿಮವನ್ನು ಅಂಗೈಯಿಂದ ಒರೆಸಿದರು. ಪಕ್ಕದಲ್ಲಿ ನಿಂತ ಫಕೀರವ್ವನನ್ನು ನೋಡಿದರು. ಎಷ್ಟು ಹೊತ್ತಾದರೂ ಎತ್ತಲಿಲ್ಲ. ಊರು ಕಾಯುತ್ತಾ ನಿಂತಿತು. ಕಡೆಗೆ ಅವರು ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು.

"ಬಾಂದುಗಲ್ಲ ಸರಿಸಬ್ಯಾಡ ಅಂತ ನಮ್ಮಪ್ಪ ಹೇಳಿದ್ದ," ಎಂದರು. "ಇಷ್ಟ ವರ್ಷ ಸರಿಸಿದಾಂವ ನಾನ ಅಲ್ಲೇನ್ರೋ? ಇದು ತಾನ ನಡಕೊಂತ ಇಲ್ಲಿಗೆ ಬಂದೈತಿ. ನಾ ಇನ್ನ ಮುಟ್ಟಂಗಿಲ್ಲ. ನಿಂಬೆವ್ವ, ಒಂದ್ ರೊಟ್ಟಿ ಕೊಡ ಇಲ್ಲಿ."

ಅವರು ಪೂರ್ತಿ ರೊಟ್ಟಿ ತಿಂದು ಮುಗಿಸುವವರೆಗೆ ಊರು ನಿಂತು ನೋಡಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಂಬದ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಒಂದು ದೇಶ ಮುರಿಯುವುದು ಇಷ್ಟು ಸದ್ದಿಲ್ಲದೆ ಎಂದು ನಾನು ಅಂದುಕೊಂಡಿರಲಿಲ್ಲ.

ಅದಾದ ಮೇಲೆ ನಾವು ಕಂಡದ್ದನ್ನು ನಿಮಗೆ ಹೇಗೆ ತೋರಿಸಲಿ? ಹಿಮದ ಹೊಳೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಬೆಳಿಗ್ಗೆ ಊರ ಅಗಸೆಬಾಗಿಲ ಎದುರಿಗಿದ್ದ ಕಂಬ ರಾತ್ರಿ ಊಟದ ಹೊತ್ತಿಗೆ ಎರಡು ಮನೆ ದಾಟಿರುತ್ತಿತ್ತು. ಎದೆ ನಡುಗಿಸುವಂತೆ ಒಳಗಿನಿಂದ ಗುಡುಗು ಬರುತ್ತಿತ್ತು. ಮುಳುಗದ ಬಿಸಿಲಲ್ಲಿ ಇಡೀ ಊರು ದಿಣ್ಣೆಯ ಅಂಚಿನಲ್ಲಿ ಕೂತು, ಗಡಿಯೇ ತೇರಿಲ್ಲದ ಮೆರವಣಿಗೆಯಂತೆ ನಮ್ಮ ಬಾಗಿಲ ಮುಂದೆ ಹಾಯುವುದನ್ನು ನೋಡಿತು. ನಮ್ಮ ಕಂಬ ನಮ್ಮ ಮನೆಯ ಸಮಕ್ಕೆ ಬಂದ ದಿನ ನಾನು ಅರಿವಿಲ್ಲದೆ ಕೈಮುಗಿದೆ. ಅಷ್ಟು ದೊಡ್ಡದು ನಮ್ಮ ಪುಟ್ಟ ಹೆಸರನ್ನು ಬೀಳಿಸದೆ ಹೊತ್ತು ನಡೆದಿತ್ತು. ಅಂಥ ಬೆರಗು ನನಗೆ ಮತ್ತೆ ಎಂದೂ ಆಗಲಿಲ್ಲ.

ಬೇಸಿಗೆಯ ಕೊನೆಗೆ ಹಡಗು ಬಂತು. ಅಧಿಕಾರಿ ಮಕ್ಕಳನ್ನು ಕರೆತರಲು ಹೇಳಿದ. ಮಾವ ಅವನನ್ನು ಕರೆದುಕೊಂಡು ಹೋಗಿ ಊರಿನ ಕೆಳಗೆ ನಿಂತ ಕಂಬದ ಸಾಲು ತೋರಿಸಿದರು. ಅವನು ಕಂಬಗಳನ್ನು ನೋಡಿದ, ಊರನ್ನು ನೋಡಿದ, ಒಪ್ಪಂದವನ್ನು ತರಿಸಿ ಓದಿದ. "ಹಾಗಾದರೆ ನಾನೀಗ ಪರದೇಶದಲ್ಲಿ ನಿಂತಿದ್ದೇನೆ," ಎಂದ. ಹಡಗಿನಲ್ಲಿ ಬಂದೂಕುಗಳಿದ್ದವು. ಆದರೆ ಒಪ್ಪಂದದಲ್ಲಿ ಮೇಲ್ನಾಡಿನ ಸಹಿಯಿತ್ತು, ಮೇಲ್ದಂಡೆಯಲ್ಲಿ ತುಯಾ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಹಡಗು ಒಂದು ಮಗುವನ್ನೂ ಹತ್ತಿಸಿಕೊಳ್ಳದೆ ತಿರುಗಿತು. ಫಕೀರವ್ವ ನನ್ನ ಸೆರಗು ಹಿಡಿದೇ ಇದ್ದಳು.

ತುಯಾಕ್ಕೆ ಸೇರುವ ಶಾಸ್ತ್ರ ಸಣ್ಣದು. ಮನೆಯ ಒಲೆ ಆರಿಸಿ, ಅವರ ಕೈಯಿಂದ ಹೊಸ ಬೆಂಕಿ ತೆಗೆದುಕೊಳ್ಳಬೇಕು. ನಮ್ಮ ಮನೆಗೆ ಬೆಂಕಿ ತಂದವಳು ಇಲ್ಮಾ. ಒಲೆ ಹೊತ್ತಿದ ಮೇಲೆ ನಾನು ಅವಳಿಗೆ ರೊಟ್ಟಿ ಬಡಿದುಕೊಟ್ಟೆ. ಈಗ ಫಕೀರವ್ವನ ಮಕ್ಕಳು ಎರಡು ಭಾಷೆಯಲ್ಲಿ ನನ್ನನ್ನು ಗೋಳುಹೊಯ್ದುಕೊಳ್ಳುತ್ತಾರೆ.

ಆದರೆ ಅಂದಿನಿಂದ ಮೇಲ್ನಾಡಿನ ಹಡಗು ಬಂದಿಲ್ಲ. ಕಾಗದವೂ ಹೋಗುವುದಿಲ್ಲ, ಮಾತೂ ಹೋಗುವುದಿಲ್ಲ. ಮಗಳನ್ನು ಉಳಿಸಿಕೊಂಡ ಗಡಿಯೇ ಮಗನನ್ನು ಆಚೆ ನಿಲ್ಲಿಸಿತು. ಅವನಿಗೂ ಈಗ ತಲೆ ನರೆತಿರಬೇಕು. ಅವ್ವ ನನ್ನನ್ನು ಬಿಟ್ಟುಕೊಟ್ಟಳು ಎಂದುಕೊಂಡಿದ್ದಾನೋ ಏನೋ. ಮುಂದಕ್ಕೆ ಹೋಗುವ ದಾರಿಗಳೆಲ್ಲ ಮುಚ್ಚಿರುವಾಗ ಅವನನ್ನು ತಲುಪಲು ನನಗೆ ಉಳಿದಿರುವುದು ಈ ಹಿಂಗಿಂಡಿ ಒಂದೇ, ಅಂದರೆ ನೀವು.

ಹಾಗಾಗಿ ಕೇಳುತ್ತೇನೆ. ಕಂಬಗಳು ಮರುವರ್ಷ ಹಿಮದ ಜೊತೆ ಕಡಲಿಗೆ ಬಿದ್ದು ತೇಲುತ್ತಾ ಹೋದವು. ತೇಗ ಬೇಗ ಕೊಳೆಯುವುದಿಲ್ಲ. ನಿಮ್ಮ ಮಕ್ಕಳಿಗೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಲಿ, ಅವರು ಮುಂದಿನವರಿಗೆ: ಎಂದಾದರೊಂದು ದಿನ 'ಬೆಣ್ಣಿಯವರ ಮನಿ' ಎಂದು ಕೆತ್ತಿದ ಕಂಬ ನಿಮ್ಮ ದಂಡೆಗೆ ಬಂದರೆ ಅದನ್ನು ಒಲೆಗೆ ಹಾಕಬೇಡಿ. ನೀರಿಗೆ ಮುಖ ಮಾಡಿ ನೆಡಿ. ಓಡಾಡುವವರಿಗೆ ಕಾಣುವಂತೆ ನೆಡಿ. ಒಬ್ಬ ಮುದುಕ ಬಂದು ಆ ಅಕ್ಷರಗಳ ಮೇಲೆ ಬೆರಳು ಓಡಿಸುತ್ತಾ ನಿಂತರೆ ಅವನ ಹೆಸರು ಕೇಳಿ. ಸಂಗ ಎಂದರೆ, ನಿಮ್ಮವ್ವ ಕಂಬವನ್ನು ಹಿಡಿದು ನಿಲ್ಲಿಸಲಿಲ್ಲ, ನಿನ್ನ ಕಡೆಗೆ ಬಿಟ್ಟಳು ಎಂದು ಹೇಳಿ.