ಈ ಸಲ ‘ಕಟ್’ ಅನ್ನಬೇಡ

ಅಕ್ಕಾ,

ನೀನು ಏಳೋ ಹೊತ್ತಿಗೆ ನಿನ್ನ ತಮ್ಮ, ಈ ಹೀರೋ, ಅಪ್ಪನ ಜೊತೆ ಆಸ್ಪತ್ರೆಗೆ ಹೊರಟಿರ್ತಾನೆ. ಮನೇಲಿ ವಿಲನ್ ನೀನೊಬ್ಬಳೇ, ಮಜಾ ಮಾಡು. ನಿನ್ನ ಚಾರ್ಜರ್ ನಾನೇ ಎತ್ಕೊಂಡಿದೀನಿ, ಹುಡುಕಬೇಡ. ಫ್ರಿಜ್ಜಲ್ಲಿ ನನ್ನ ಸಿರಪ್ ಪಕ್ಕ ನಿನ್ನ ಫೇಸ್‌ಪ್ಯಾಕ್ ಇಡಬೇಡ, ಅಪ್ಪ ಕನ್ನಡಕ ಹಾಕ್ಕೊಳ್ಳಲ್ಲ.

ಡಾಕ್ಟ್ರು ಇವತ್ತು ನಿಂಗೆ ಫೋನ್ ಮಾಡ್ತಾರೆ. ದಿನಾ ನನ್ನ ನೋಡ್ಕೊಳ್ಳೋದು ನೀನೇ ಅಂತ ನಾನೇ ನಂಬರ್ ಕೊಟ್ಟೆ. ಹೋದ್ಸಲ “ಅವನದು ಬರೀ ನಾಟಕ ಡಾಕ್ಟ್ರೇ” ಅಂದ್ಯಲ್ಲ, ಹಾಗನ್ನಬೇಡ ಮಾರಾಯ್ತಿ.

ನಮ್ಮ ಸಿನಿಮಾ ಆಟದಲ್ಲಿ ನಾನು ವೀಲ್‌ಚೇರಲ್ಲೇ ಗುಂಡೇಟು ತಿಂದು ಸಾಯೋದು, ನೀನು “ಕಟ್” ಅಂದ ತಕ್ಷಣ ಕಣ್ಣು ಬಿಟ್ಟು ನಗೋದು, ಅದೆಲ್ಲ ಸರಿ. ಆದ್ರೆ ಎಸ್‌ಎಂಎ ಅನ್ನೋ ಈ ಸ್ನಾಯು ಕಾಯಿಲೆಗೆ ಹೊಸ ಸಿರಪ್ ಶುರು ಮಾಡಿದ್ಮೇಲೆ ಮೈ ಸರಿಯಿಲ್ಲ ಕಣೇ. ಜ್ವರ ಇಲ್ಲ, ನೋವಿಲ್ಲ. ಹಿಂಡದೆ ಹಗ್ಗಕ್ಕೆ ಹಾಕಿದ ಬಟ್ಟೆ ಥರ ಜೋಲು. ಏನೂ ಬೇಡ ಅನ್ಸತ್ತೆ, ಜೋಕ್ ಕೂಡ. ಔಷಧಿಯಿಂದ ಹೀಗಾಗಬಹುದು ಅಂತ ಡಾಕ್ಟ್ರು ಹೇಳಿದ್ರು, ಆದ್ರೆ ನಾವಾಗೇ ನಿಲ್ಲಿಸಬಾರದಂತೆ. ನಂಗೂ ನಿಲ್ಲಿಸೋಕೆ ಇಷ್ಟ ಇಲ್ಲ. ಕೈ ಸ್ವಲ್ಪ ಮಾತು ಕೇಳ್ತಿದೆ. ಈ ಚೀಟಿ ಅಪ್ಪ ಬರೆದಿದ್ದಲ್ಲ, ನಾನೇ. ಅಕ್ಷರ ನೋಡು.

ನಿನ್ನೆ ಸಂಜೆ ನೀನು “ಕಟ್, ಕಟ್” ಅಂತ ಕೂಗ್ತಾನೇ ಇದ್ದೆ, ನಾನು ಕಣ್ಣು ಬಿಡಲಿಲ್ಲ. ಆಮೇಲೆ ನೀನು “ಓವರ್ ಆಕ್ಟಿಂಗ್” ಅಂತ ಬೈದು ಲೈಟ್ ಆರಿಸಿ ಹೋದೆ. ಅದು ಆಕ್ಟಿಂಗ್ ಆಗಿರಲಿಲ್ಲ. ಅಷ್ಟನ್ನೇ ಡಾಕ್ಟ್ರಿಗೆ ಹೇಳು. ನಾನು ಹೇಳಿದ್ರೆ ಅವರೂ ನಗ್ತಾರೆ.

ನಾನು ಮನೆಗೆ ಬಂದ್ಮೇಲೆ ಮತ್ತೆ ಹಾಗೇ ಬಿದ್ಕೊಂಡಿದ್ರೆ ಲೈಟ್ ಆರಿಸು, ಪರವಾಗಿಲ್ಲ. ಹೋಗಬೇಡ. ಪಕ್ಕದಲ್ಲಿ ಕೂತ್ಕೊ.

— ಹೀರೋ