ಬಿಡಲಿಕ್ಕೊಂದು ಜಾಗ

ಅಪ್ಪಾ,

ನೀನು ತೀರಿಹೋದಮೇಲೆ, ಇವತ್ತು ಜೀವನದಲ್ಲೇ ಮೊದಲ ಸಲ, ಬೇರ್‌ಶೇವಾದಲ್ಲಿ ನೀನು ಕಾಂಕ್ರೀಟ್ ಸುರಿದು ಕಟ್ಟಿದ, ನಮ್ಮ ಯಹೂದಿಗಳು ಪ್ರಾರ್ಥಿಸುವ ಸಿನಗಾಗ್‌ಗೆ ಹೋಗಿದ್ದೆ. ಅದರ ಬರಿಗೋಡೆಗಳನ್ನು ಹೊರಗಿನಿಂದಲೇ ನೋಡಿ ಗ್ಯಾರೇಜು ಎಂದು ಹಂಗಿಸುತ್ತಿದ್ದೆನಲ್ಲ, ಅದರ ಸೀಳುಕಿಟಕಿಗಳಿಂದ ಒಳಗೆ ಬೆಳಕು ಇಷ್ಟು ಮೃದುವಾಗಿ ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಹಡಿಯ ಹೆಂಗಸರ ಸಾಲಿನಲ್ಲಿ ಜೋಹ್ರಾ ಚಿಕ್ಕಮ್ಮ ತಡೆದಳು. "ಅಪ್ಪ ತೀರಿದ ವರ್ಷ, ದಿನಾ ಕೂರೋ ಜಾಗ ಬಿಟ್ಟು ಬೇರೆ ಕಡೆ ಕೂರ್ಬೇಕು ಕಣೇ. ನಿನಗೆ ಬಿಡೋಕೆ ಜಾಗ ಎಲ್ಲಿದೆ?"

ಕೆಳಗೆ ಗಂಡಸರ ಸಾಲಿನ ನಿನ್ನ ಕುರ್ಚಿಯಿಂದ ತಲೆಯೆತ್ತಿದರೆ ನೇರವಾಗಿ ಕಾಣುವ ಸೀಟೊಂದನ್ನು ತೋರಿಸಿದೆ. "ಅದು, ಚಿಕ್ಕಮ್ಮ."

"ಒಂದು ದಿನಾನೂ ಅಲ್ಲಿ ನಿನ್ನ ನೋಡಿಲ್ವಲ್ಲೇ."

ನಾನು ಕೆಳಗೆ ನಿನ್ನ ಕುರ್ಚಿಯತ್ತ ನೋಡಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಾನು ತೋರಿಸಿದ ಸೀಟಿನ ಪಕ್ಕದ್ದನ್ನು ಸೆರಗಂಚಿನಂತೆ ಇಳಿಬಿದ್ದ ತಲೆವಸ್ತ್ರದಿಂದ ಒರೆಸಿ, "ಹಾಗಾದ್ರೆ ಈ ವರ್ಷ ಇಲ್ಲಿ ಕೂತ್ಕೋ," ಅಂದಳು.